ಪೆಟ್ಟಿಗೆಯ ಕೂಗು

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅವಳು ಕಂಪ್ಯೂಟರಿನ ಗುಂಡಿ ಒತ್ತಿದಳು. ಫ್ಯಾನು ಗಿರ್ರೆಂದಿತು, ಹಸಿರು ದೀಪ ಹತ್ತಿತು, ಪರದೆ ಮಾತ್ರ ಮುಖ ಕಪ್ಪಗೆ ಮಾಡಿಕೊಂಡೇ ಕೂತಿತು. ಆಮೇಲೆ ಪೆಟ್ಟಿಗೆಯ ಹೊಟ್ಟೆಯೊಳಗಿನಿಂದ ಒಂದು ಸಣ್ಣ ಕೀರಲು ದನಿ ಎದ್ದಿತು. ಬೀ...ಪ್. ಬೀ...ಪ್. ಬೀ...ಪ್.

"ರೀ, ಬನ್ನಿ ಇಲ್ಲಿ! ಇದ್ಯಾಕ್ರೀ ಹೀಗೆ ಅಳ್ತಾ ಇದೆ?"

ಗಂಡ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಆತ ಬಸ್ ನಿಲ್ದಾಣದ ಉದ್ಘೋಷಕ. ಮೈಕು ಬಿಟ್ಟಮೇಲೂ ಆತನ ಗಂಟಲಿಗೆ ಬಿಡುವಿಲ್ಲ. ಮ್ಯಾನೇಜರರ ಕೆಮ್ಮು, ಕಂಡಕ್ಟರರ ಸೀಟಿ, ಹಿಂದಕ್ಕೆ ಬರುವ ಬಸ್ಸಿನ ಕುಂಯ್ ಕುಂಯ್, ಎಲ್ಲವನ್ನೂ ಇದ್ದದ್ದು ಇದ್ದಂತೆ ತೆಗೆಯುತ್ತಿದ್ದುದರಿಂದ ನಿಲ್ದಾಣದವರು ಗಿಳಿರಾಯ ಎಂದು ಹೆಸರಿಟ್ಟಿದ್ದರು. ಆ ಪೆಟ್ಟಿಗೆ ಯಾಕೆ ಅಳುತ್ತಿದೆಯೆಂದು ಮನೆಯಲ್ಲಿ ಗೊತ್ತಿದ್ದುದು ಆತನೊಬ್ಬನಿಗೇ.

ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ನಾಲ್ಕು ವರ್ಷ ಬೇರೆಯವರ ಕಚೇರಿಯಲ್ಲಿ ಕೂತು ಮೆಟ್ಟಿಲು, ಕಕ್ಕಸು, ನೀರಿನ ತೊಟ್ಟಿ ಬರೆದಿದ್ದಳು. ಕೆಳಗಿನ ಸಹಿ ಮಾತ್ರ ದೊಡ್ಡವರದು. ಮಕ್ಕಳ ಗ್ರಂಥಾಲಯವೊಂದಕ್ಕೆ ನಕ್ಷೆ ಬೇಕೆಂದು ಸ್ಪರ್ಧೆ ಕರೆದಾಗ ಮೊದಲ ಸಲ ತನ್ನದೇ ಹೆಸರು ಹಾಕಿ ಬರೆದಳು. ಮೂರು ತಿಂಗಳ ಕೆಲಸ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಜಾಲತಾಣದಲ್ಲಿ ನಕ್ಷೆ ಕಳುಹಿಸುವ ಕಿಂಡಿ ಮುಚ್ಚುತ್ತದೆ. ಬೆಳಗಿನ ಜಾವ ಕೊನೆಯ ಗೆರೆ ಎಳೆದು, ಪೆನ್ ಡ್ರೈವಿಗೆ ಒಂದು ಪ್ರತಿ ಹಾಕಬೇಕು ಎಂದುಕೊಳ್ಳುತ್ತಲೇ ನಿದ್ದೆಗೆ ಜಾರಿದ್ದಳು.

ಅವಳು ಮಲಗಿದ್ದಾಗ ರಜೆಯಲ್ಲಿದ್ದ ಗಿಳಿರಾಯನಿಗೆ ಪ್ರೀತಿ ಉಕ್ಕಿತು. ಪೆಟ್ಟಿಗೆಯ ಬೆನ್ನಿನ ಜಾಲರಿಯಲ್ಲಿ ಧೂಳು ಹತ್ತಿಯಂತೆ ಕಟ್ಟಿತ್ತು. ಪಕ್ಕದ ತಗಡು ಬಿಚ್ಚಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಮೂಲೆ ಮೂಲೆ ಗುಡಿಸಿದ. ಬಾಚಣಿಗೆಯಂತೆ ನಿಂತಿದ್ದ ಎರಡು ಹಸಿರು ಪಟ್ಟಿಗಳನ್ನು ಕಿತ್ತು, ಕೆಳಗೂ ಗುಡಿಸಿ, ಮತ್ತೆ ಸಿಕ್ಕಿಸಿದ. ಎದ್ದವಳು ಖುಷಿಪಡಲಿ ಅಂತ. ಧೂಳು ತೆಗೆಯಲು ಹೋಗಿ ಧೂಳೀಪಟ.

"ತಮ್ಮಂಗೆ ಫೋನ್ ಮಾಡ್ತೀನಿ," ಎಂದಳು.

ತಮ್ಮ ಮೂರು ಗಂಟೆ ಪ್ರಯಾಣದ ದೂರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಫೋನನ್ನು ಸ್ಪೀಕರಿಗೆ ಹಾಕಿ ಪೆಟ್ಟಿಗೆಗೆ ಒತ್ತಿ ಹಿಡಿದಳು.

"ಏನೂ ಕೇಳಿಸ್ತಿಲ್ಲ ಅಕ್ಕಾ. ಈ ಫೋನುಗಳು ಮನುಷ್ಯರ ದನಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಗಲಾಟೆ ಅಂತ ಅಳಿಸಿಹಾಕ್ತವೆ. ನೀನೇ ಹೇಳು, ಉದ್ದನೆ ಕೂಗಾ, ಗಿಡ್ಡದಾ? ಒಂದೊಂದು ರೋಗಕ್ಕೂ ಒಂದೊಂದು ಕೂಗು."

"ಉದ್ದ... ಅಂದ್ರೆ, ತೀರಾ ಉದ್ದ ಅಲ್ಲ ಕಣೋ..."

"ಭಾವ ಇಲ್ವಾ ಪಕ್ಕದಲ್ಲಿ? ಊರಲ್ಲಿರೋ ಹಾರ್ನನ್ನೆಲ್ಲ ಗಂಟಲಲ್ಲಿ ಇಟ್ಕೊಂಡಿರೋ ಮಹಾನುಭಾವರು. ಭಾವಾ, ಇದನ್ನೂ ಒಂಚೂರು ಹಾಡಿ!"

ಗಿಳಿರಾಯ ಫೋನಿನ ಹತ್ತಿರ ಬಗ್ಗಿದ. ಸ್ವಲ್ಪ ಹೆಚ್ಚುಕಮ್ಮಿ ಕೂಗಿದರೆ ತನ್ನ ಗುಟ್ಟು ಉಳಿದೀತು ಎಂಬ ಯೋಚನೆ ಸುಳಿಯಿತು. ಆದರೆ ಸುಳ್ಳು ಹೇಳಬಲ್ಲ ನಾಲಗೆಗೆ ಸುಳ್ಳು ಕೂಗಲು ಬರಲಿಲ್ಲ. ಬೀ...ಪ್, ಬೀ...ಪ್, ಬೀ...ಪ್. ನಡುವಿನ ಬಿಡುವು ಕೂಡ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಅಬ್ಬಾ! ಮೆಮರಿ," ಎಂದ ತಮ್ಮ. "ಹಸಿರು ಪಟ್ಟಿ ಇರುತ್ತಲ್ಲ, ಅದು ಯಂತ್ರಕ್ಕೆ ಸಿಗ್ತಿಲ್ಲ. ಪೆಟ್ಟಿಗೆ ಯಾರಾದ್ರೂ ಬಿಚ್ಚಿದ್ರಾ?"

"ಯಾರು ಬಿಚ್ತಾರೋ? ನಾನು ಮಲಗಿದ್ದೆ." ತಿರುಗಿ ನೋಡಿದಳು. "ರೀ, ನೀವೇನಾದ್ರೂ ಮುಟ್ಟಿದ್ರಾ?"

"ನಾನಾ? ಛೆ ಛೆ, ನಾನ್ಯಾಕೆ ಮುಟ್ಲಿ?" ಎಂದ ಗಿಳಿರಾಯ. ಕುಂಬಳಕಾಯಿ ಕಳ್ಳನಂತೆ ಕೈ ತಾನಾಗಿ ಹೆಗಲಿಗೆ ಹೋಯಿತು; ಅಲ್ಲೇನಾದರೂ ಧೂಳು ಉಳಿದಿದೆಯೇ ಎಂದು.

"ಹಂಗಾದ್ರೆ ಸುಟ್ಟೇ ಹೋಗಿರಬೇಕು," ಎಂದ ತಮ್ಮ. ದನಿಯಲ್ಲಿದ್ದ ನಗೆ ಇಳಿದಿತ್ತು. "ಮೆಮರಿ ತಾನಾಗೇ ಸಡಿಲ ಆಗೋದು ಕಮ್ಮಿ. ಅಕ್ಕಾ, ಮತ್ತೆ ಮತ್ತೆ ಆನ್ ಮಾಡ್ಬೇಡ, ಬೋರ್ಡೂ ಹೋದೀತು. ವೈರು ಕಿತ್ತು, ಪೆಟ್ಟಿಗೇನೇ ಅಂಗಡಿಗೆ ತಗೊಂಡ್ಹೋಗು. ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿ ನಕ್ಷೆ ತೆಗೆದುಕೊಡ್ತಾರೆ."

"ಅಂಗಡಿಗೆ ಅರ್ಧ ಗಂಟೆ ಬೇಕು ಕಣೋ. ಆಗಲೇ ಹನ್ನೊಂದೂ ಇಪ್ಪತ್ತು."



ಅವಳು ಮೊಣಕಾಲೂರಿ ವೈರುಗಳನ್ನು ಕೀಳತೊಡಗಿದಳು. ಗಿಳಿರಾಯ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದ.

"ಸುಮ್ನೆ ಒಂದ್ಸಲ ಆ ಪಟ್ಟಿ ತೆಗೆದು ಹಾಕಿ ನೋಡ್ಲಾ?"

"ನೀವು? ಬಲ್ಬ್ ಹಾಕೋಕೆ ಹೋಗಿ ಇಡೀ ಬೀದಿ ಕತ್ತಲೆ ಮಾಡಿದೋರು! ದಯವಿಟ್ಟು ಮುಟ್ಬೇಡಿ. ಅದರೊಳಗೆ ನನ್ನ ಮೂರು ತಿಂಗಳಿದೆ."

ಗಂಡನ ಫೋನಿನಿಂದ ಟ್ಯಾಕ್ಸಿಯವನಿಗೆ ಹೇಳಿ, ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಎದ್ದಳು. ಫೋನು ಮೇಜಿನ ಮೇಲೆ ಹಾಗೇ ಇತ್ತು, ತಮ್ಮನೂ ಅದರಲ್ಲಿ ಹಾಗೇ ಇದ್ದ. ಹನ್ನೊಂದು ಇಪ್ಪತ್ತಾರು. ಗಿಳಿರಾಯ ಬಾಗಿಲಿಗೆ ಅಡ್ಡ ನಿಂತ. ಬಾಯಿ ತೆರೆದರೆ ಹೊರಬಿದ್ದದ್ದು ಅಭ್ಯಾಸದ ನಿಲ್ದಾಣದ ದನಿ.

"ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದಾಗಿ..."

"ತಮಾಷೆಗೊಂದು ಹೊತ್ತುಗೊತ್ತು ಬೇಡ್ವೇನ್ರೀ?" ಅವಳ ಕಣ್ಣಲ್ಲಿ ನೀರಿತ್ತು. "ದಾರಿ ಬಿಡಿ!"

ಆತ ಬಿಡಲಿಲ್ಲ. ಬಳಿಕ ಬಂದ ದನಿ ಮ್ಯಾನೇಜರರದ್ದಲ್ಲ, ಕಂಡಕ್ಟರರದ್ದಲ್ಲ. ಸಣ್ಣಗೆ, ಒರಟಾಗಿ ಬಂತು.

"ನಾನೇ ಬಿಚ್ಚಿದ್ದೆ. ಬೆಳಿಗ್ಗೆ, ನೀನು ಮಲಗಿದ್ದಾಗ. ಧೂಳು ತೆಗೆಯೋಣ ಅಂತ. ಆ ಪಟ್ಟಿಗಳನ್ನೂ ತೆಗೆದಿದ್ದೆ."

ಅವಳು ಆತನನ್ನೇ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಆತನಿಗೆ ಎಷ್ಟೋ ಹಗುರವಾಗುತ್ತಿತ್ತು. ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ, "ಸ್ಕ್ರೂಡ್ರೈವರ್," ಎಂದಳು.

ಫೋನಿನೊಳಗಿನ ತಮ್ಮನೂ ತಮಾಷೆಗೆ ಹೋಗಲಿಲ್ಲ. "ಭಾವಾ, ವಾಪಸ್ ಹಾಕುವಾಗ ಎರಡೂ ತುದೀಲಿ ಕಟಕ್ ಅಂತಾ?"

"ಒಂದು ತುದೀಲಿ ಅಂತು. ಗಟ್ಟಿಯಾಗೇ ಅಂತು." ಗಿಳಿರಾಯ ತಲೆ ತಗ್ಗಿಸಿದ. "ಅವಳಿಗೆ ಎಚ್ಚರ ಆದೀತು ಅಂತ ಮಿಕ್ಕಿದ್ದನ್ನೆಲ್ಲ ಸದ್ದಾಗದ ಹಾಗೆ, ಮೆಲ್ಲಗೆ ಕೂರಿಸ್ದೆ."

"ಅಯ್ಯೋ ಭಾವಾ! ಕಟಕ್ ಅಂದ್ರೇನೇ ಅದು ಕೂತ ಲೆಕ್ಕ. ಅಕ್ಕಾ, ಎರಡೂ ಕಿತ್ತು ಮತ್ತೆ ಹಾಕು. ಎರಡು ಹೆಬ್ಬೆರಳಲ್ಲಿ ಒತ್ತು, ಹೆದರ್ಬೇಡ."

ತಗಡು ಕಳಚಿತು. ಅವಳು ಮೊದಲ ಪಟ್ಟಿ ಒತ್ತಿದಳು. ಕಟಕ್, ಕಟಕ್. ಎರಡನೆಯದು ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಹಟ ಹಿಡಿಯಿತು. ಒತ್ತಿದಳು. ಅಡಿಯ ಬೋರ್ಡು ಬಾಗಿದಂತೆ ಕಂಡಿತು. ಬೀದಿಯಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಇನ್ನಷ್ಟು ಒತ್ತಿದಳು, ಉಗುರು ಬಿಳಿಚುವಷ್ಟು. ಕಟಕ್.

ವೈರುಗಳನ್ನು ಸಿಕ್ಕಿಸಿ ಗುಂಡಿ ಅದುಮಿದಳು. ಫ್ಯಾನು ಗಿರ್ರೆಂದಿತು.

ಬೀಪ್. ಗಿಡ್ಡದೊಂದೇ ಕೂಗು. ಪರದೆ ಬೆಳಗಿತು.

ಆದರೆ ಕೆಟ್ಟ ಹೊತ್ತು ಅಷ್ಟಕ್ಕೇ ಬಿಡಲಿಲ್ಲ. ಡಿಸ್ಕ್ ತಪಾಸಣೆ ಮಾಡುತ್ತೇನೆಂದು ಯಂತ್ರ ಹಟಕ್ಕೆ ಕೂತು, ನೂರಕ್ಕೆ ಮೂರು, ನೂರಕ್ಕೆ ನಾಲ್ಕು ಎಂದು ತೆವಳಿತು. ತಮ್ಮ ಅದನ್ನು ನಿಲ್ಲಿಸಲು ಒತ್ತಬೇಕಾದ ಕೀಲಿ ಹೇಳಿದ. ಹನ್ನೊಂದು ನಲವತ್ತೊಂಬತ್ತಕ್ಕೆ ಕಡತ ತೆರೆಯಿತು. ಗ್ರಂಥಾಲಯ ಗೆರೆ ಗೆರೆಯೂ ಇದ್ದಲ್ಲೇ ಇತ್ತು. ಐವತ್ತೆರಡಕ್ಕೆ ಕಳುಹಿಸುವ ಗುಂಡಿ ಒತ್ತಿದಳು. ನೀಲಿ ಪಟ್ಟಿ ಅರ್ಧದವರೆಗೆ ಓಡಿ ನಿಂತುಬಿಟ್ಟಿತು. ಮತ್ತೆ ಹೊರಟಿತು. ಐವತ್ತೆಂಟಕ್ಕೆ ಪರದೆಯ ಮೇಲೆ ಅವಳ ಹೆಸರೂ 'ಸ್ವೀಕರಿಸಲಾಗಿದೆ' ಎಂಬ ಮಾತೂ ಮೂಡಿದವು.

ತಮ್ಮ ಗೆದ್ದೆವೆಂದು ಕೂಗಿ ಫೋನಿಟ್ಟ. ಗಿಳಿರಾಯ ಓಡಿಹೋಗಿ ಟ್ಯಾಕ್ಸಿಯವನಿಗೆ ಕೊಡಬೇಕಾದ್ದು ಕೊಟ್ಟು ಬಂದ. ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಳು.

"ಒಂದು ಕೇಳ್ತೀನಿ," ಎಂದಳು, ತಿರುಗದೆ. "ನಾನು ನಾಳೆ ಕಳಿಸಿದ್ರೂ ಆಗುತ್ತೆ ಅಂತಿದ್ದಿದ್ರೆ, ಹೇಳ್ತಿದ್ರಾ?"

ಜೋಡಿಸಿಟ್ಟ ಉತ್ತರವೊಂದು ತುಟಿಯವರೆಗೆ ಬಂತು. ಆತ ಅದನ್ನು ನುಂಗಿಕೊಂಡ.

"ಇಲ್ಲ ಅನ್ಸುತ್ತೆ," ಎಂದ.

ಅವಳು ತಲೆಯಾಡಿಸಿದಳು. ಆಮೇಲೆ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ನಕ್ಷೆಯ ಮೊದಲ ಪುಟ ತೆರೆದಳು.

"ಕೂತ್ಕೊಳ್ಳಿ. ಇದನ್ನ ನೀವಿನ್ನೂ ನೋಡೇ ಇಲ್ಲ."