ಅನು ಬರೆದ ಪ್ರವಾಸದ ಕಾಗದ

ಚಾಮರಾಜಪುರಂನ ವಠಾರದಲ್ಲಿ ಗಾರೆ ಮೇಸ್ತ್ರಿ ಸಿದ್ದರಾಜು ಆಡುವ ಮಾತನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ನಂಬಬೇಕು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಅವನು ಕಟ್ಟಿದ ಗೋಡೆಗೆ ದಸರಾ ಆನೆ ಬಂದು ಗುದ್ದಿದರೆ ತಲೆನೋವು ಬರುವುದು ಆನೆಗೇ ಅಂತೆ. ಆದರೆ ಕಿರಿಯ ಮಗಳು ಅನುವಿನ ಅಕ್ಷರದ ಮಾತು ಬಂದಾಗ ಮಾತ್ರ ವಠಾರದವರು ನಾಲ್ಕು ಪಾಲನ್ನೂ ನಂಬುತ್ತಿದ್ದರು. ಆರನೇ ಕ್ಲಾಸಿನ ಹುಡುಗಿ. ನೋಟ್‌ಬುಕ್ ತೆರೆದರೆ ಒಂದೊಂದು ಅಕ್ಷರವೂ ರಸಮಟ್ಟ ಇಟ್ಟು ಕೂರಿಸಿದ ಇಟ್ಟಿಗೆ. ಸಾಲು ಒಂದು ಕೂದಲೆಳೆಯಷ್ಟೂ ಬಾಗುತ್ತಿರಲಿಲ್ಲ.

ಸಿದ್ದರಾಜುವಿಗಾಗಲಿ ಅವನ ಹೆಂಡತಿ ಪುಟ್ಟತಾಯಮ್ಮನಿಗಾಗಲಿ ಓದು ಬರದು. ಅದಕ್ಕೇ ಆ ನೋಟ್‌ಬುಕ್ಕಿಗೆ ದೇವರ ಪಟದ ಪಕ್ಕ ಜಾಗ ಸಿಕ್ಕಿತ್ತು. ಮನೆಗೆ ಬಂದ ನೆಂಟರಿಗೆ ಮೊದಲು ನೋಟ್‌ಬುಕ್ಕು, ಆಮೇಲೆ ಕಾಫಿ.

೧೯೯೭ರ ಜೂನ್ ತಿಂಗಳು. ಆರನೇ ಕ್ಲಾಸಿಗೆ ಹೊಸದಾಗಿ ಬಂದ ದೇವಿರಮ್ಮ ಮೇಡಂ ಒಂದು ಸಂಜೆ ಮನೆಗೇ ಬಂದರು.

"ಸಿದ್ದರಾಜು ಅವರೇ, ನಿಮ್ ಮಗಳಿಗೆ ಓದೋಕ್ ಬರಲ್ಲ ಕಣ್ರೀ."

"ಏನ್ ಮೇಡಂ ಹಿಂಗಂತೀರಿ. ಪಾಠ ಪಾಠಾನೇ ಗಟಗಟ ಅಂತ ಒಪ್ಪಿಸ್ತಾಳೆ. ಅವ್ಳು ಓದೋಕ್ ಕೂತ್ರೆ ಬೀದಿ ನಾಯಿ ಬೊಗಳೋದ್ ನಿಲ್ಸಿ ಕೇಳ್ತದೆ."

"ಒಪ್ಪಿಸ್ತಾಳೆ, ಇಲ್ಲ ಅಂದೋರ್ಯಾರು. ಬೇರೆ ಮಕ್ಳು ಓದಿದ್ದ ಒಂದ್ಸಲ ಕೇಳುದ್ರೆ ಸಾಕು, ಬಾಯಿಪಾಠ. ಬೋರ್ಡ್ ಮೇಲಿರೋದ್ನ ಚಿತ್ರ ಬಿಡಿಸ್ದಂಗೆ ಇಳಿಸ್ಕೋತಾಳೆ. ಆದ್ರೆ ಅವ್ಳು ಕಾಣದ ಪುಟ ಕೊಟ್ರೆ ಎರಡ್ ಸಾಲು ದಾಟಲ್ಲ. ಒತ್ತಕ್ಷರ ಬಂತೋ, ನಿಂತೇ ಹೋಯ್ತು. ಎರಡನೇ ಕ್ಲಾಸಲ್ಲಿ ವರ್ಷಪೂರ್ತಿ ಸ್ಕೂಲಿಗೇ ಬಂದಿಲ್ವಂತೆ?"

"ಮಡಿಕೇರೀಲಿ ಕೆಲ್ಸ ಇತ್ತು, ಎಲ್ರನೂ ಕರ್ಕೊಂಡೋಗಿದ್ದೆ. ಆಮೇಲೆ ಪಾಸ್ ಮಾಡುದ್ರಲ್ಲ."

"ಪಾಸ್ ಮಾಡುದ್ರು, ಕಲಿಸ್ಲಿಲ್ಲ. ದಿನಾ ಸ್ಕೂಲ್ ಬುಟ್ಮೇಲೆ ಅರ್ಧ ಗಂಟೆ ಬುಡಿ. ನಾನ್ ಕೂರಿಸ್ಕೋತೀನಿ."

ಸಿದ್ದರಾಜು ನಕ್ಕ. ದೇವರ ಪಟದ ಪಕ್ಕದಿಂದ ನೋಟ್‌ಬುಕ್ ತೆಗೆದು ಮೇಡಂ ಮುಂದೆ ಹಿಡಿದ. "ಇದ್ನ ನೋಡ್ಬುಟ್ಟು ಹೇಳಿ ಮೇಡಂ. ಇಂಥ ಅಕ್ಷರ ಡೀಸಿ ಆಫೀಸಲ್ಲೂ ಇಲ್ಲ. ಸಾಯಂಕಾಲ ಅವ್ಳು ಅವ್ವನ ಜತೆ ಹೂ ಕಟ್ಬೇಕು, ಅರ್ಧ ಗಂಟೆ ಎಲ್ಲಿಂದ ತರೋದು."

ಮೇಡಂ ಕಾಫಿ ಕುಡಿದು ಹೋದರು. ಬಾಗಿಲ ಹಿಂದೆ ನಿಂತಿದ್ದ ಅನು ಹೂವಿನ ಬುಟ್ಟಿ ಎತ್ತಿಕೊಂಡು ಅವ್ವನ ಪಕ್ಕ ಹೋಗಿ ಕೂತಳು.

ಹಿರಿಯ ಮಗಳು ಚಲುವಮ್ಮನನ್ನು ಕೊಳ್ಳೇಗಾಲದ ಆಚೆಯ ಹಳ್ಳಿಗೆ ಕೊಟ್ಟಿದ್ದರು. ಅವಳು ಓದಿದ್ದು ಐದನೇ ಕ್ಲಾಸು. ಅಕ್ಷರ ಕೋಳಿ ಕೆದಕಿದ ಹಾಗೆ, ಆದರೆ ಮನಸ್ಸಿನಲ್ಲಿದ್ದುದನ್ನು ಬರೆಯಬಲ್ಲವಳು. ಈಗ ಚೊಚ್ಚಲ ಬಸುರಿ. ಏಳು ತುಂಬಿದ ಮೇಲೆ ಬಾಣಂತನಕ್ಕೆ ಕರೆತರುವುದೆಂದು ಬೀಗರೊಂದಿಗೆ ಮಾತಾಗಿತ್ತು. ಆಗಸ್ಟಿನಲ್ಲಿ ಅವಳಿಂದ ಮೊದಲ ಕಾಗದ ಬಂತು.

"ಓದವ್ವ," ಎಂದು ಸಿದ್ದರಾಜು ಜಗಲಿಯ ಮೇಲೆ ಕೂತ. ಎದುರು ಮನೆಯವರೂ ಬಂದು ನಿಂತರು. ಅನು ಕಾಗದ ಬಿಚ್ಚಿದಳು, ತುಸು ಹೊತ್ತು ನೋಡಿದಳು, ಓದಿದಳು. "ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಬೇಡುವ ಆಶೀರ್ವಾದಗಳು. ಇತ್ತ ನಾನು ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಪತ್ರ ಬರೆಯಬೇಕಾಗಿ ಕೋರಿಕೆ."

"ಅಷ್ಟೇನಾ?" ಪುಟ್ಟತಾಯಮ್ಮ ಕೇಳಿದಳು. "ಪುಟದ ತುಂಬ ಬರ್ದಂಗದೆ."

"ನಿಂಗೇನ್ ಗೊತ್ತಾದದು, ಸುಮ್ನಿರು," ಸಿದ್ದರಾಜು ಗದರಿದ. "ಚಲುವಿ ಎಂಥ ಭಾಷೆ ಕಲ್ತವ್ಳೆ ನೋಡು. ಮಿನಿಸ್ಟ್ರು ಭಾಷಣ ಮಾಡ್ದಂಗದೆ."

ಉತ್ತರವನ್ನೂ ಅನುವೇ ಬರೆದಳು. ಚೆನ್ನಾಗಿ ತಿನ್ನು, ಭಾರ ಎತ್ತಬೇಡ, ಎರಡೇ ಮಾತು ಅವನು ಹೇಳಿದ್ದು. ಅವಳು ತಲೆ ಎತ್ತದೆ ಪುಟ ತುಂಬಿಸಿದಳು. "ನಾನ್ ಎರಡ್ ಮಾತ್ ಹೇಳುದ್ರೆ ನನ್ ಮಗ್ಳು ಒಂದ್ ಪುಟ ಮಾಡ್ತಾಳೆ" ಎಂದು ಅವನು ಜಯಲಕ್ಷ್ಮಿಪುರಂನಲ್ಲಿ ಕೆಲಸ ನಡೆಯುತ್ತಿದ್ದ ಮನೆಯ ಯಜಮಾನರವರೆಗೂ ಸುದ್ದಿ ಮುಟ್ಟಿಸಿದ. ಸೆಪ್ಟೆಂಬರ್ ಮುಗಿಯುವುದರೊಳಗೆ ಇನ್ನೆರಡು ಕಾಗದ ಬಂದವು. ಎರಡರಲ್ಲೂ ಕ್ಷೇಮ. ಎರಡಕ್ಕೂ ಪುಟ ತುಂಬ ಉತ್ತರ.

ಇಲ್ಲಿಂದ ಮುಂದಿನದಕ್ಕೆ ಉಪ್ಪುಖಾರ ಹಚ್ಚಬೇಕಾಗಿಲ್ಲ.

ಅಕ್ಟೋಬರಿನ ಮೊದಲ ವಾರ ಹಳ್ಳಿಯಿಂದ ಆಳು ಬಂದ. ಚಲುವಮ್ಮನಿಗೆ ಫಿಟ್ಸ್ ಬಂದು ಮೈಸೂರಿನ ದೊಡ್ಡಾಸ್ಪತ್ರೆಗೆ ತಂದಿದ್ದರು. ಸಿದ್ದರಾಜು ಮೈಮೇಲಿನ ಸಿಮೆಂಟು ಕೂಡ ತೊಳೆಯದೆ ಓಡಿದ. ಹೆಣ್ಣು ಮಗು, ಏಳು ತಿಂಗಳಿನದು. ಹುಟ್ಟುವಾಗಲೇ ಉಸಿರಿರಲಿಲ್ಲ. ತಾಯಿ ಉಳಿದಳು. ನಾಲ್ಕು ಮನೆಗೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಆ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಯಾರಿಗೂ ಏನೂ ಹೇಳದೆ, ಮಣ್ಣು ಮಾಡಿ ಬಂದ.

ಮೂರನೇ ದಿನ ಚಲುವಮ್ಮ ಬಾಯಿ ಬಿಟ್ಟಳು.

"ಮೂರ್ ಕಾಗದ ಹಾಕುದ್ನಲ್ಲಪ್ಪ. ಕಾಲು ಊದ್ಕೊಂಡವೆ, ಕಣ್ಣು ಮಂಜಾಯ್ತದೆ, ನರ್ಸಮ್ಮ ದೊಡ್ಡಾಸ್ಪತ್ರೆಗೋಗು ಅಂದವ್ರೆ. ಇಲ್ಲಿ ಯಾರೂ ಕರ್ಕೊಂಡೋಗಲ್ಲ, ನೀನೇ ಬಾ ಅಂತ ಬರ್ದಿದ್ನಲ್ಲ."

"ಕ್ಷೇಮ ಅಂತ ಬರ್ದಿದ್ದೆ ಕಣವ್ವ ನೀನು."

ಅವಳು ಅಪ್ಪನ ಮುಖವನ್ನೇ ನೋಡಿದಳು. "ನೀನ್ ಬರ್ಸಿದ್ದೇನು? ಶಾಲೆಯಿಂದ ಬೇಲೂರು ಹಳೇಬೀಡಿಗೆ ಪ್ರವಾಸ ಹೊರಟಿದ್ದಾರೆ, ನಾನೂ ಹೋಗಲು ಅನುಮತಿ ನೀಡಬೇಕಾಗಿ ಬೇಡುತ್ತೇನೆ, ಅಂತ. ಮೂರ್ ಸಲಾನೂ ಅದೇ. ನನ್ ಮೇಲೆ ಅಪ್ಪಂಗೆ ಅದೇನ್ ಸಿಟ್ಟು ಅಂತ ಅಳ್ತಾ ಕೂತಿದ್ದೆ."

ಸಿದ್ದರಾಜು ಮನೆಗೆ ಬಂದವನೇ ಅನುವಿನ ಮೇಲೆ ಕೈ ಎತ್ತಿದ. ಅವಳು ತಪ್ಪಿಸಿಕೊಳ್ಳಲಿಲ್ಲ, ಹೊಡೆಸಿಕೊಳ್ಳಲು ಸಿದ್ಧವಾಗಿ ನಿಂತಿದ್ದಳು. ಹುಡುಗಿ ಮೂರು ದಿನದಿಂದ ಶಾಲೆಗೆ ಬಂದಿಲ್ಲವೆಂದು ವಿಚಾರಿಸಲು ಬಂದ ದೇವಿರಮ್ಮ ಮೇಡಂ ಅದೇ ಹೊತ್ತಿಗೆ ಬಾಗಿಲಲ್ಲಿದ್ದರು.

"ಕೈ ಇಳ್ಸಿ," ಎಂದರು. ವಿಷಯ ಕೇಳಿ ಹೊಸ್ತಿಲ ಮೇಲೇ ಕೂತುಬಿಟ್ಟರು. "ಅದು ನಾವು ಕ್ಲಾಸಲ್ಲಿ ಬಾಯಿಪಾಠ ಮಾಡ್ಸೋ ಕಾಗದ, ಪರೀಕ್ಷೆಗೆ ಬರ್ತದೆ ಅಂತ. ಅವ್ಳಿಗೆ ಬರೋ ಕಾಗದ ಅದೊಂದೇ. ನಿಮ್ಗೆ ಓದಿ ಹೇಳಿದ್ದೂ ಅದ್ರ ಮೊದಲ್ನೇ ಸಾಲುಗಳ್ನೇ. ಓದಕ್ ಬರಲ್ಲ ಅಂತ ಆ ಮಗು ಯಾರ್ ಹತ್ರ ಹೇಳ್ಬೇಕಿತ್ತು? ಊರ ತುಂಬ ಹೊಗಳ್ಕೊಂಡ್ ತಿರುಗ್ತಿದ್ದ ಅಪ್ಪನ ಹತ್ರಾನಾ? ನೀವ್ ನಕ್ರಿ ಅಂತ ಜೂನಲ್ಲಿ ನಾನೂ ಸುಮ್ನಾಗ್ಬುಟ್ಟೆ. ಆ ತಪ್ಪು ನಂದು."

ಸಿದ್ದರಾಜು ಗೋಡೆಗೆ ಒರಗಿದ. "ಅವ್ಳಿಗೆ ಹನ್ನೆರಡ್ ವರ್ಷ ಆಯ್ತಲ್ಲ ಮೇಡಂ. ಗಾರೆ ಒಣಗ್ದ ಮೇಲೆ ಇಟ್ಟಿಗೆ ಕೂರ್ತದಾ?"

"ಮಕ್ಳು ಗಾರೆ ಅಲ್ಲ ಸಿದ್ದರಾಜು ಅವರೇ. ದಿನಾ ಅರ್ಧ ಗಂಟೆ ಸಾಕು. ಸಣ್ಣ ಕಥೆ ತಗೊಂಡು ಒಂದ್ಸಲ ನಾನ್ ಓದ್ತೀನಿ, ಬೆರಳಿಟ್ಕೊಂಡು ಒಂದ್ಸಲ ಇಬ್ರೂ, ಆಮೇಲೆ ಅವ್ಳೊಬ್ಳೇ. ಏನ್ ತಿಳೀತು ಅಂತ ಅವ್ಳ ಮಾತಲ್ಲೇ ಕೇಳ್ತೀನಿ. ಒತ್ತಕ್ಷರ ದಿನಕ್ಕೆ ಎರಡೇ. ಮನೇಲಿ ನೀವೊಂದ್ ಕೆಲ್ಸ ಮಾಡಿ. ಆವತ್ತು ನಡೆದಿದ್ದನ್ನ ಎರಡು ಸಾಲು ಅವ್ಳೇ ಬರೀಲಿ, ಯಾವ್ದನ್ನೂ ನೋಡ್ಕೊಳ್ದೆ. ನಿಮ್ ಮುಂದೆ ಓದ್ಲಿ."

"ನಂಗೇ ಓದಕ್ ಬರಲ್ವಲ್ಲ. ತಪ್ಪೋ ಸರಿಯೋ ಎಂಗೆ ಗೊತ್ತಾದದು?"

"ಕೂತ್ಕೊಂಡ್ ಕೇಳಿ. ನಡೆದಿದ್ದನ್ನೇ ಬರ್ದವ್ಳೋ ಇಲ್ವೋ, ನಿಮ್ಗೆ ಗೊತ್ತಾಗಲ್ವಾ? ಅಕ್ಷರ ಸೊಟ್ಟಗಾದ್ರೆ ಆಗ್ಲಿ, ಬೈಬೇಡಿ."

ಮರುದಿನದಿಂದ ಸಂಜೆಯ ಹೂವು ಕಟ್ಟುವ ಕೆಲಸ ಸಿದ್ದರಾಜುವಿನದಾಯಿತು. ಕರಣೆ ಹಿಡಿದ ಕೈ ಅದು. ಅವನು ಕಟ್ಟಿದ ಮಾರು ಹೂವು ನೋಡಿ ದೇವರು ಗರ್ಭಗುಡಿಯ ಬಾಗಿಲು ಹಾಕಿಕೊಂಡಿದ್ದರೂ ತಪ್ಪಿರಲಿಲ್ಲ. ಅನುವಿನ ನೋಟ್‌ಬುಕ್ಕೂ ಕೆಟ್ಟಿತು. ಸಾಲು ಬಾಗಿತು, ಚಿತ್ತುಕಾಟು ಬಿತ್ತು. ಅಂಥ ಸೊಟ್ಟ ಗೋಡೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಆದರೂ ದಿನಾ ಕೂತು ಕೇಳಿದ. ಮಳೆ ಬಂತು ಎಂದು ಓದಿದರೆ ಹೌದು, ಬಂದಿತ್ತು. ಅವ್ವ ಸಾರಿಗೆ ಉಪ್ಪು ಹಾಕಲಿಲ್ಲ ಎಂದರೆ ಅದೂ ಹೌದು.

ಚಲುವಮ್ಮ ತವರಿನಲ್ಲೇ ಇದ್ದಳು. ಹಾಲು ಬಂದ ಎದೆಗೆ ಬಟ್ಟೆ ಬಿಗಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ತಂಗಿಯೊಡನೆ ಒಂದು ಮಾತಿಲ್ಲ. ಅವಳು ತಂದಿಟ್ಟ ನೀರನ್ನು ಮುಟ್ಟುತ್ತಿರಲಿಲ್ಲ.

ನವೆಂಬರ್ ಕೊನೆಯ ಒಂದು ಸಂಜೆ ಅನು ನೋಟ್‌ಬುಕ್ ಹಿಡಿದು ಬಂದು ಅಪ್ಪನ ಮುಂದೆ ಕೂತಳು. ಬೆರಳಿಟ್ಟು, ನಿಂತು ನಿಂತು ಓದಿದಳು.

"ಅಕ್ಕ ಇವತ್ತೂ ನನ್ನ ಹತ್ತಿರ ಮಾತಾಡಲಿಲ್ಲ. ಅಕ್ಕ ಕರೆದಾಗ ನಾವು ಯಾರೂ ಹೋಗಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ. ಹೇಳಲು ಭಯ ಆಯಿತು. ಪಾಪುವನ್ನು ನಾನು ನೋಡಲಿಲ್ಲ."

ಸಿದ್ದರಾಜು ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟ. ಒಳಗಿನಿಂದ, ಗೋಡೆಯ ಕಡೆಯಿಂದಲೇ, ಚಲುವಮ್ಮನ ದನಿ ಬಂತು.

"ಇನ್ನೊಂದ್ಸಲ ಓದು."

ಅನು ಇನ್ನೊಂದು ಸಲ ಓದಿದಳು. ಈ ಸಲವೂ ತಡವರಿಸಿದಳು. ಯಾರೂ ತಡೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಅನು ಓದು ಕಲಿತಳು. ಹೋದ ಕೂಸು ಬರಲಿಲ್ಲ. ನಿಮ್ಮ ಮನೆಯಲ್ಲಿ ಐದನೆಯದೋ, ಆರನೆಯದೋ, ಏಳನೆಯದೋ ಕ್ಲಾಸಿನ ಮಗು ಇದ್ದರೆ ಇವತ್ತೇ ಅದಕ್ಕೆ ಎಂದೂ ಕಾಣದ ಒಂದು ಪುಟ ಕೊಡಿ. ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಪೇಪರಾದರೂ ಸರಿ. ಓದಿಸಿ, ಏನಿದೆ ಎಂದು ಕೇಳಿ. ನಿಮಗೆ ಓದು ಬರದಿದ್ದರೂ ಪಕ್ಕದಲ್ಲಿ ಕೂತು ಕೇಳಬಹುದು. ಮಗು ನಿಂತುಹೋದರೆ ಹೊಡೆಯಬೇಡಿ, ಹಂಗಿಸಬೇಡಿ. ಬೆಳಿಗ್ಗೆ ನೀವೇ ಶಾಲೆಗೆ ಹೋಗಿ, "ನಮ್ಮ ಮಗುವಿಗೆ ಇನ್ನೂ ಓದಕ್ಕೆ ಬರಲ್ಲ, ಕಲಿಸಿ" ಎಂದು ಟೀಚರಿಗೆ ಹೇಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ತಾನು ಹೇಳಲಾಗದ ಆ ಮಾತನ್ನು ಯಾರಾದರೂ ಹೇಳಲಿ ಎಂದು ಮಗು ಎಷ್ಟು ವರ್ಷದಿಂದ ಕಾಯುತ್ತಿದೆಯೋ.