ಐದು ಪಟ್ಟೆಯ ರಜಾಯಿ

ನಮ್ಮನೆಯವರ ಕೈಯಳತೆ ತಪ್ಪಿದ್ದನ್ನು ಹದಿಮೂರು ವರ್ಷದಲ್ಲಿ ನಾನು ನೋಡಿದ್ದು ಒಂದೇ ಸಲ. ಅದೂ ನಮ್ಮ ಸ್ವಂತ ರಜಾಯಿಯಲ್ಲಿ.

ನಾವು ರಜಾಯಿ ಹೊಲಿಯುವವರು. ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಮನೆ. ಅವರು ಹತ್ತಿ ಹಿಂಜಿ, ಬಟ್ಟೆಯ ಮೇಲೆ ಹರಡಿ, ಕೋಲಿನಲ್ಲಿ ಬಡಿದು ಸಮ ಮಾಡುತ್ತಾರೆ. ಉದ್ದನೆಯ ಸೂಜಿ ಹಿಡಿದು ಹೊಲಿಯುವುದು ನನ್ನ ಪಾಲಿನ ಕೆಲಸ. ನಮ್ಮ ಬೀದಿಯಲ್ಲಿ ಕೋಣೆಗಳು ಚಿಕ್ಕವು, ಚಳಿ ದೊಡ್ಡದು. ಇಡೀ ಮನೆ ಒಂದೇ ರಜಾಯಿಯೊಳಗೆ ಸಾಲಾಗಿ ಮಲಗುತ್ತದೆ. ಹಾಗಾಗಿ ಗಿರಾಕಿ ಬಂದರೆ ಇವರು ಕೇಳುವುದು ಉದ್ದ ಅಗಲವನ್ನಲ್ಲ, "ಎಷ್ಟು ಜನ ಮಲಗ್ತೀರಿ?" ಅಂತ. ದೊಡ್ಡವರಿಗೆ ಎರಡು ಮೊಳ, ಮಕ್ಕಳಿಗೆ ಒಂದೂವರೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟೆ. ಒಬ್ಬರ ಹತ್ತಿ ಇನ್ನೊಬ್ಬರ ಕಡೆ ಜಾರಬಾರದು ಅಂತ ಎರಡು ಪಟ್ಟೆಗಳ ನಡುವೆ ಒಂದು ಬಿಗಿ ಹೊಲಿಗೆ. ಟೇಪು ಮುಟ್ಟುವವರಲ್ಲ, ಮೊಣಕೈಯೇ ಅವರ ಟೇಪು.

ಚಳಿಗಾಲದಲ್ಲಿ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಊರಿನವರದ್ದೆಲ್ಲ ಮುಗಿದ ಮೇಲೆ ನಮ್ಮದು. ಈ ವರ್ಷ ಹಳೆಯ ರಜಾಯಿ ಪೂರ್ತಿ ಚಿಂದಿಯಾಗಿತ್ತು, ಒಂದು ಭಾನುವಾರ ಕೂತು ಹೊಸದು ಮುಗಿಸಿದೆವು. ಅಂಚು ಕಟ್ಟಿ ದಾರ ಕಚ್ಚಿ ತುಂಡು ಮಾಡಿದ ಮೇಲೆ ನಾನು ಸುಮ್ಮನೆ ಪಟ್ಟೆ ಎಣಿಸಿದೆ.

"ರೀ, ನಾವೆಷ್ಟು ಜನ?"

"ನಾಲ್ಕು. ಯಾಕೆ, ನಿನ್ನ ತಮ್ಮ ಬಂದು ಟಿಕಾಣಿ ಹೂಡ್ತಾನಾ?"

"ಮತ್ತೆ ಈ ಐದನೇದು ಯಾರಿಗೆ ಹಾಕಿದ್ರಿ?"

ಅವರು ಎದ್ದು ಬಂದು ಒಂದೊಂದೇ ಪಟ್ಟೆ ಮುಟ್ಟಿ ಎಣಿಸಿದರು. ಇನ್ನೊಂದು ತುದಿಯಿಂದ ಮತ್ತೆ ಎಣಿಸಿದರು. ತಲೆ ಕೆರೆದುಕೊಂಡರು. "ಇರ್ಲಿ ಬಿಡು, ಮಕ್ಕಳು ಬೆಳೀತಾವೆ" ಅಂದರು. ಕಂಡವರ ಮನೆಮಂದಿಯ ಲೆಕ್ಕವೆಲ್ಲ ಬಾಯಿಪಾಠ, ಸ್ವಂತ ಮನೆಯದು ಮಾತ್ರ ತಪ್ಪು ಅಂತ ನಾನು ರೇಗಿಸಿದೆ. ಜಾಸ್ತಿ ರೇಗಿಸುವ ಮುಖವೂ ನನಗಿರಲಿಲ್ಲ. ಐದು ಪಟ್ಟೆಯನ್ನೂ ಹೊಲಿದವಳು ನಾನೇ ತಾನೆ.

ನಮಗಿಬ್ಬರು ಮಕ್ಕಳು. ಮಗಳು ಆರನೇ ಕ್ಲಾಸು. ಕಂಡವರ ತಪ್ಪನ್ನೆಲ್ಲ ತಿದ್ದುತ್ತಾಳೆಂದು ಅವಳನ್ನು ಮೇಡಂ ಅಂತ ಕರೆಯುತ್ತೇವೆ. ಮಗ ಎರಡನೇ ಕ್ಲಾಸು. ಪೆನ್ಸಿಲು, ರಬ್ಬರು, ಅಂಗಿಯ ಕಾಲರು, ಹಲ್ಲಿಗೆ ಸಿಕ್ಕಿದ್ದನ್ನೆಲ್ಲ ಕಡಿಯುವ ಅವನು ಇಲಿಮರಿ. ನಿದ್ದೆಯಲ್ಲಿ ಇಬ್ಬರೂ ಒದ್ದಾಡುವುದು ಹೇಗೆಂದರೆ ಬೆಳಿಗ್ಗೆ ಯಾವ ಕಾಲು ಯಾರದ್ದೆಂದು ಹುಡುಕಬೇಕು. ಅದಕ್ಕೇ ಈ ತುದಿಗೆ ನಾನು, ಆ ತುದಿಗೆ ಇವರು, ನಡುವೆ ಮಕ್ಕಳು, ಮಕ್ಕಳಿಬ್ಬರ ನಡುವೆ ಗಡಿಯ ಹಾಗೆ ಆ ಖಾಲಿ ಪಟ್ಟೆ ಅಂತ ತೀರ್ಮಾನವಾಯಿತು. ಐದನೆಯದಕ್ಕೂ ಒಂದು ಉಪಯೋಗ ಸಿಕ್ಕಿತಲ್ಲ ಅಂತ ನನಗೆ ಸಮಾಧಾನ.

ನಮ್ಮಲ್ಲಿ ಬೆಳಗಾಗುವುದು ಆರು ಗಂಟೆಗೆ. ಕಿಟಕಿಯಾಚೆ ಮಂಜು, ಒಲೆಯ ಮೇಲೆ ನೀರು, ಒಣಗದ ಕಾಲುಚೀಲ, ಕಾಣೆಯಾದ ಒಂದು ಶೂ. ಮಕ್ಕಳನ್ನು ಎಬ್ಬಿಸಿ ಅಟ್ಟಿ ನಾನು ರಜಾಯಿ ಮಡಿಸುತ್ತೇನೆ. ಹೊಸ ರಜಾಯಿ ಹೊದ್ದ ಎರಡನೆಯ ಬೆಳಿಗ್ಗೆ ಮಡಿಸುವಾಗ ನಡುವಿನ ಪಟ್ಟೆ ಕೈಗೆ ಬೆಚ್ಚಗೆ ತಗುಲಿತು. ಯಾರೋ ಈಗ ತಾನೇ ಎದ್ದು ಹೋದ ಜಾಗದ ಬಿಸಿ. ಇಬ್ಬರಲ್ಲಿ ಯಾರೋ ಉರುಳಿ ಬಂದಿರಬೇಕು ಅಂದುಕೊಂಡೆ.

ಮಾರನೆಯ ದಿನವೂ ಹಾಗೇ. ಆಮೇಲೆ ನಾನು ಎಬ್ಬಿಸುವ ಮುಂಚೆ ನಿಂತು ನೋಡತೊಡಗಿದೆ. ಯಾರೂ ಉರುಳಿ ಬರುತ್ತಿರಲಿಲ್ಲ. ಜನ್ಮದಲ್ಲಿ ನೆಟ್ಟಗೆ ಮಲಗದ ಎರಡೂ ಮಕ್ಕಳು ತಮ್ಮ ತಮ್ಮ ಪಟ್ಟೆಯಲ್ಲಿ ಸ್ಕೇಲಿನಂತೆ ಮಲಗಿದ್ದವು.

"ನಡುವೆ ಕಾಲು ಹಾಕೋ ಹಾಗಿಲ್ಲಮ್ಮ" ಅಂದಳು ಮೇಡಂ, ಶೂ ಲೇಸು ಕಟ್ಟಿಕೊಳ್ಳುತ್ತ.

"ಯಾಕೆ?"

"ಜಾಗ ಇಲ್ಲ."

ಇಲಿಮರಿ ಸ್ವೆಟರಿನೊಳಗಿಂದ ತಲೆ ತೂರಿಸುತ್ತಿದ್ದವನು ಹೇಳಿದ: "ಅದರ ಕಾಲು ತುಂಬಾ ತಣ್ಣಗಿರುತ್ತೆ. ನನ್ನ ಕಾಲಿಗೆ ಒತ್ತಿ ಬಿಸಿ ಮಾಡ್ಕೊಳ್ಳುತ್ತೆ."

ಟೀವಿ ನೋಡಿ ನೋಡಿ ತಲೆ ಕೆಟ್ಟಿದೆ ಅಂತ ಇಬ್ಬರಿಗೂ ಬೈದೆ. ಇನ್ನೂ ಕೇಳಬೇಕು ಅನ್ನಿಸಿದ್ದು ನಿಜ. ಆದರೆ ಗಂಟೆ ಏಳೂವರೆ, ತಿಂಡಿ ಡಬ್ಬಿ ಇನ್ನೂ ತುಂಬಿರಲಿಲ್ಲ.

ಎರಡು ವಾರ ಕಳೆಯುವುದರೊಳಗೆ ಇಲಿಮರಿಯ ಕೈ ತಣ್ಣಗಾಗತೊಡಗಿತು. ಬೆಳಿಗ್ಗೆ ಮಾತ್ರವಲ್ಲ, ಮಧ್ಯಾಹ್ನದ ಬಿಸಿಲಿನಲ್ಲೂ. ಬಿಸಿ ಹಾಲಿನ ಲೋಟ ಹಿಡಿದು ಕೂತರೂ ಬೆರಳಿಗೆ ಬಣ್ಣ ಬರುತ್ತಿರಲಿಲ್ಲ. ಬರೆಯುವಾಗ ಮಗುವಿನ ಕೈ ನಡುಗುತ್ತದೆ, ಪಾಠದ ಮಧ್ಯೆ ತೂಕಡಿಸುತ್ತಾನೆ ಅಂತ ಶಾಲೆಯಿಂದ ಚೀಟಿ ಬಂತು. ಇವರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಜ್ವರವಿಲ್ಲ, ರಕ್ತ ಚೆನ್ನಾಗಿದೆ, ರಾತ್ರಿ ದಪ್ಪಗೆ ಹೊದಿಸಿ ಅಂದರಂತೆ ಡಾಕ್ಟರು. ರಜಾಯಿ ಹೊಲಿಯುವವರಿಗೆ ಹೇಳುವ ಮಾತೇ ಅದು? ನನಗೆ ನಖಶಿಖಾಂತ ಉರಿಯಿತು. ಆ ಉರಿಯಲ್ಲೇ ರಜಾಯಿಯನ್ನು ತಾರಸಿಗೆ ಹೊತ್ತುಕೊಂಡು ಹೋಗಿ ಬಿಸಿಲಿಗೆ ಹಾಸಿ ತಡವಿ ನೋಡಿದೆ.

ಇಲಿಮರಿಯ ಪಟ್ಟೆಯಲ್ಲಿ ಹತ್ತಿ ಇರಲಿಲ್ಲ. ಬರೀ ಎರಡು ಪದರ ಬಟ್ಟೆ, ಬೆರಳಿಗೆ ಬೆರಳು ತಾಗುತ್ತಿತ್ತು. ಪಕ್ಕದ ಖಾಲಿ ಪಟ್ಟೆ ಮಾತ್ರ ತುಂಬಿ ಬಿಗಿದುಕೊಂಡಿತ್ತು. ನಡುವಿನ ಹೊಲಿಗೆಯ ಒಂದು ದಾರವೂ ಸಡಿಲವಾಗಿರಲಿಲ್ಲ. ಅದು ನನ್ನದೇ ಹೊಲಿಗೆ, ಕತ್ತಲಲ್ಲೂ ಗುರುತು ಹಿಡಿಯುತ್ತೇನೆ.

ಇವರು ಬಂದು ಅಂಗೈ ಇಟ್ಟರು. ಹತ್ತಿಯ ವಿಷಯದಲ್ಲಿ ಅವರ ಅಂಗೈಗೆ ಸುಳ್ಳು ಹೇಳಿ ಗೊತ್ತಿಲ್ಲ. ಹಾಗೇ ತಾರಸಿಯ ಮೇಲೆ ಕೂತುಬಿಟ್ಟರು. "ಇಷ್ಟು ಹತ್ತಿ ನಾನು ಹಾಕೇ ಇಲ್ಲ ಕಣೇ" ಅಂದರು.

ಅಂದೇ ತುದಿ ಬಿಚ್ಚಿ ಮಗನ ಪಟ್ಟೆಗೆ ಹೊಸ ಹತ್ತಿ ತುಂಬಿದರು. ಬೆಳಗಾಗುವುದರೊಳಗೆ ಅದೂ ಮಾಯ. ಇಲಿಮರಿಯ ತುಟಿ ನೀಲಿಯಾಗಿತ್ತು. ಮಕ್ಕಳು ಶಾಲೆಗೆ ಹೋದದ್ದೇ ತಡ, ಇವರು ದೊಡ್ಡ ಕತ್ತರಿ ತಂದು ನಡುವಿನ ಪಟ್ಟೆಯನ್ನು ಉದ್ದಕ್ಕೂ ಕತ್ತರಿಸಿ ತೆಗೆದರು. ಒಳಗೆ ಬರೀ ಹತ್ತಿ, ಬೇರೇನೂ ಇರಲಿಲ್ಲ. ಎಲ್ಲರೂ ಎದ್ದು ಎರಡು ಗಂಟೆಯಾಗಿತ್ತು, ಆಮೇಲೆ ರಜಾಯಿ ಮುಟ್ಟಿದವರು ಯಾರೂ ಇಲ್ಲ, ಆದರೂ ಆ ಹತ್ತಿ ಮೈಬಿಸಿಯಷ್ಟು ಬೆಚ್ಚಗಿತ್ತು. ಅದನ್ನು ಗೋಣಿಚೀಲಕ್ಕೆ ತುರುಕಿ ಊರಾಚೆ ಸುಟ್ಟು ಬಂದರು. ಮಗನ ಪಟ್ಟೆಗೆ ಮತ್ತೆ ಹತ್ತಿ ತುಂಬಿಸಿ, ಉಳಿದ ನಾಲ್ಕು ಪಟ್ಟೆಗಳನ್ನು ನಾನು ಕೂಡಿಸಿ ಹೊಲಿದೆ.

ಸಂಜೆ ಮೇಡಂ ರಜಾಯಿಯನ್ನು ನೋಡಿದಳು. ಬ್ಯಾಗನ್ನೂ ಇಳಿಸದೆ ನಿಂತಳು.

"ಅಪ್ಪ, ಇನ್ಮೇಲೆ ನಾಲ್ಕು ಪಟ್ಟೇಲಿ ಐದು ಜನ ಹೇಗೆ ಮಲಗೋದು?"

ಇವರು ಕತ್ತರಿಯನ್ನೆತ್ತಿ ಒಳಗಿಟ್ಟರು.

ಬೆಳಿಗ್ಗೆ ಇಲಿಮರಿ ಸಾಲಿನಲ್ಲಿರಲಿಲ್ಲ. ಗೋಡೆಯ ಮೂಲೆಯಲ್ಲಿ ಬರೀ ನೆಲದ ಮೇಲೆ ಮಂಡಿ ಎದೆಗವಚಿ ಮಲಗಿದ್ದ. ಕರೆದರೆ ಕಣ್ಣು ತೆರೆಯಲು ಎಷ್ಟೋ ಹೊತ್ತು ಹಿಡಿಯಿತು. ಅವನ ಪಟ್ಟೆ ಬೆಚ್ಚಗಿತ್ತು. ಅವನನ್ನು ಮಡಿಲಲ್ಲಿ ಹಾಕಿಕೊಂಡು ಕೈಕಾಲು ತಿಕ್ಕುವಾಗ ನನಗೆ ಚೆನ್ನಾಗಿ ಗೊತ್ತಾಯಿತು. ಹೀಗೇ ಬಿಟ್ಟರೆ ಈ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಮಗ ಉಳಿಯುವುದಿಲ್ಲ.

ಆ ರಜಾಯಿಯನ್ನು ಅಟ್ಟಕ್ಕೆ ಹಾಕಿ, ಅಂಗಡಿಯಿಂದ ಒಬ್ಬೊಬ್ಬರಿಗೆ ಒಂದೊಂದು ಒಂಟಿ ರಜಾಯಿ ತಂದು ಹೊದಿಸಿದೆವು. ಬೆಳಿಗ್ಗೆ ಅವನದ್ದರಲ್ಲಿ ಮಾತ್ರ ಹತ್ತಿ ಇರಲಿಲ್ಲ. ಅದಕ್ಕೂ ಬೇಕಾದರೆ ಇರಲಿ ಅಂತ ಇವರು ಮೂಲೆಯಲ್ಲಿ ಐದನೆಯದೊಂದನ್ನು ಹಾಸಿಟ್ಟರು. ಅದರ ಮಡಿಕೆ ಕೂಡ ಕದಲಲಿಲ್ಲ. ಮೂಲೆ ಅದಕ್ಕೆ ಬೇಡ. ನಮ್ಮ ಸಾಲಿನಲ್ಲೇ ಬೇಕು.

ನನ್ನ ಕೋಪ ನಿಮಗೆ ಗೊತ್ತಿಲ್ಲ. ನಲ್ಲಿ ಹತ್ತಿರ ಸರದಿ ತಪ್ಪಿಸಿ ಕೊಡ ಇಟ್ಟವರು ಇವತ್ತಿಗೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ನಾಲ್ಕು ಪಟ್ಟೆಯ ರಜಾಯಿಯನ್ನು ಅಟ್ಟದಿಂದ ಎಳೆದು ತಾರಸಿಯ ಮೇಲೆ ಹರಡಿ, ಸೊಂಟಕ್ಕೆ ಕೈಯಿಟ್ಟು ಗದರಿದೆ: "ಸಾಲಲ್ಲಿ ಮಲಗ್ಬೇಕು ತಾನೆ ನಿಂಗೆ? ನನ್ನ ಪಟ್ಟೇಲಿ ಮಲಗು. ಕೂಸಿನ ತಂಟೆಗೆ ಬಂದ್ರೆ ನೋಡು."

ಆ ದಿನದಿಂದ ಒಳಗೆ ಅವರು ಮೂವರಿಗೆ ಮತ್ತೆ ಅದೇ ರಜಾಯಿ, ನನ್ನ ದಿಂಬು ಅಂಗಡಿ ಕೋಣೆಗೆ ಬಂತು. ನಿನ್ನ ಬದಲು ನಾನು ಮಲಗ್ತೀನಿ ಅಂತ ಇವರು ಹಟ ಹಿಡಿದರು. ನಿಮ್ಮ ಗೊರಕೆ ಕೇಳದೆ ಮಕ್ಕಳಿಗೆ ನಿದ್ದೆ ಬರಲ್ಲ ಅಂತ ಬಾಯಿ ಮುಚ್ಚಿಸಿದೆ. ಮಗನಿಗಾಗಿ ಚಳಿಯಲ್ಲಿ ಮಲಗುವ ಹೆಚ್ಚುಗಾರಿಕೆ ನನ್ನದೇ ಆಗಲಿ ಅನ್ನುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಓಡಿಹೋಗಿ ಇಲಿಮರಿಯ ಕೈ ಹಿಡಿದೆ. ಬೆಚ್ಚಗಿತ್ತು. ಕಿವಿ ಕೆಂಪಗಿತ್ತು. ಹಸಿವು ಅಂದ. ಒಲೆಯ ಮುಂದೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ಮಗ ಹುಟ್ಟಿದ ದಿನವೂ ಆಗಿರಲಿಲ್ಲ.

ಎಂಟು ದಿನ ಎಲ್ಲ ಚೆನ್ನಾಗಿತ್ತು. ಒಂಬತ್ತನೆಯ ಬೆಳಿಗ್ಗೆ ಬಾಚಣಿಗೆ, ರಿಬ್ಬನ್ನು ಹಿಡಿದು ಮೇಡಂನ ಜಡೆ ಹಾಕಲು ಹೋದೆ. ಎರಡು ಜಡೆಯೂ ಆಗಲೇ ಹಾಕಿ ಮಡಿಸಿ ಕಟ್ಟಿತ್ತು. ಬೈತಲೆ ದಾರ ಹಿಡಿದು ಎಳೆದಷ್ಟು ನೇರ. ನನಗೆ ಅಷ್ಟು ನೇರ ಯಾವತ್ತೂ ಬಂದಿಲ್ಲ.

"ಯಾರೇ ಹಾಕಿದ್ದು?"

"ಅಮ್ಮ" ಅಂದಳು. ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಏನೋ ಗೊಂದಲ ಹಾದುಹೋಯಿತು, ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದಳು.

ಇವರೂ ಬದಲಾದರು. ಮೊದಲೆಲ್ಲ ಕೆಲಸದ ನಡುವೆ ನನ್ನ ಕಾಲೆಳೆಯದೆ ಒಂದು ಗಂಟೆ ಇರುತ್ತಿರಲಿಲ್ಲ. ಈಗ ಅಂಚು, ದಾರ, ಗಿರಾಕಿ, ಇಷ್ಟೇ ಮಾತು. ಒಂದು ಸಂಜೆ ದೀಪ ಹಾಕಿ, "ಕತ್ತಲಾಯ್ತು, ಉಳಿದದ್ದು ನಾಳೆ ಮಾಡಿದ್ರೆ ಸಾಕು" ಅಂದರು. ಅಂದವರು ಬೀದಿ ಬಾಗಿಲನ್ನು ತೆರೆದು ಹಿಡಿದು ನಿಂತರು, ನಾನು ಎದ್ದು ಹೋಗಲಿ ಅಂತ. ನಾನು ಕದಲದೆ ಕೂತೇ ಇದ್ದೆ. ಬಾಗಿಲು ಹಿಡಿದು ಯಾಕೆ ನಿಂತಿದ್ದೇನೆ ಅನ್ನುವುದು ಸ್ವಲ್ಪ ಹೊತ್ತಿಗೆ ಅವರಿಗೇ ಮರೆತುಹೋಯಿತು, ಮುಚ್ಚಿದರು. ಆವತ್ತು ನಾನು ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ನನಗೆ ಹೆದರಿಕೆಯಾಯಿತು. ದಿಂಬು ಎತ್ತಿಕೊಂಡು ಒಳಗೆ ಹೋಗಿ ನನ್ನ ತುದಿಯ ಪಟ್ಟೆಯಲ್ಲಿ ಮಲಗಿದೆ. ಅದು ಮೊದಲೇ ಬೆಚ್ಚಗಿತ್ತು, ನಾನು ಮಲಗಿದ ಮೇಲೆ ನಿಧಾನವಾಗಿ ಆರಿತು. ಬೆಳಿಗ್ಗೆ ಮೇಡಂ ಎಂದಿನಂತೆ, "ಅಮ್ಮ, ನನ್ನ ಕಾಲುಚೀಲ ಎಲ್ಲಿಟ್ಟೆ?" ಅಂತ ಕೂಗಿದಳು. ಆ ಒಂದು ಕೂಗಿಗೆ ನನ್ನ ಜೀವ ಮರಳಿ ಬಂದ ಹಾಗಾಯಿತು. ಆದರೆ ಇಲಿಮರಿ ಗೋಡೆಯ ಮೂಲೆಯಲ್ಲಿದ್ದ. ಕೈ ಮುಟ್ಟಿದೆ. ಮಂಜುಗಡ್ಡೆ.

ಆ ದಿನ ಸಂಜೆಯಾಗುವ ಮುಂಚೆಯೇ ದಿಂಬನ್ನು ಅಂಗಡಿ ಕೋಣೆಗೆ ತಂದಿಟ್ಟೆ. ಯಾರ ಬಲವಂತವೂ ಇರಲಿಲ್ಲ.

ನಿನ್ನೆ ಮಧ್ಯಾಹ್ನವಾದರೂ ಮಂಜು ಕರಗಲೇ ಇಲ್ಲ. ಮಕ್ಕಳನ್ನು ಬೇಗ ಬಿಡುತ್ತೇವೆ, ಚಿಕ್ಕವರನ್ನು ಮನೆಯವರು ಬಂದು ಕರೆದುಕೊಂಡು ಹೋಗಬೇಕು ಅಂತ ಶಾಲೆಯಿಂದ ಫೋನ್ ಬಂತು. ಇವರು ಹತ್ತಿ ಹಿಂಜುವ ಯಂತ್ರದ ಮುಂದಿದ್ದರು. ನಾನೇ ಹೋದೆ. ದಾರಿಯುದ್ದಕ್ಕೂ ಮಂಕಿ ಕ್ಯಾಪಿನ ಮಕ್ಕಳು, ಮಫ್ಲರಿನ ತಾಯಂದಿರು, ನಾಲ್ಕು ಹೆಜ್ಜೆ ಆಚೆ ಯಾರ ಮುಖವೂ ಕಾಣದು. ಗೇಟಿನಲ್ಲಿ ಹೊಸ ಟೀಚರೊಬ್ಬರು ಹಾಳೆ ಹಿಡಿದು ನಿಂತು, ಒಂದೊಂದು ಮಗುವನ್ನೂ ಯಾರು ಬಂದಿದ್ದಾರೆ ಅಂತ ಕೇಳಿಯೇ ಬಿಡುತ್ತಿದ್ದರು.

ಇಲಿಮರಿ ಓಡುತ್ತ ಬಂದ. ಕೆನ್ನೆ ತುಂಬಿತ್ತು, ಉಸಿರು ಹೊಗೆಯಾಗಿ ಹೊರಡುತ್ತಿತ್ತು. ಗುರುತು ಸಿಕ್ಕಿ ನಕ್ಕ, ಯಾವ ಹಿಂಜರಿಕೆಯೂ ಇಲ್ಲದೆ ನನ್ನ ಕೈ ಹಿಡಿದುಕೊಂಡ.

"ಯಾರಪ್ಪ ಇವರು?" ಅಂತ ಟೀಚರು ಅವನನ್ನು ಕೇಳಿದರು.

"ನಮ್ಮನೇಲಿ ರಜಾಯಿ ಹೊಲಿಯೋ ಆಂಟಿ" ಅಂದ.

ಹಡೆದವಳು ನಾನು ಕಣೋ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು, ಬಾಯಿ ತೆರೆದೂ ತೆರೆದೆ. ಅವನ ಬೆರಳುಗಳು ನನ್ನ ಅಂಗೈಯೊಳಗೆ ಬಿಸಿ ಬಿಸಿಯಾಗಿ ಅಲುಗುತ್ತಿದ್ದವು.

ಟೀಚರು ಹಾಳೆಯಿಂದ ತಲೆಯೆತ್ತಿ ನನ್ನ ಕಡೆ ನೋಡಿದರು. "ಹೌದೇನ್ರೀ?"

"ಹೌದು" ಅಂದೆ.