ತಗಡಿನ ಮೇಲಿನ ಹನ್ನೊಂದು ಕಲ್ಲು

ಜಗಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಊರಿನಲ್ಲಿ ಕುರಿ ಸಾಕುವ ಬೀರಲಿಂಗಪ್ಪನ ತಗಡಿನ ಮನೆ. ಗಾಳಿಗೆ ತಗಡು ಹಾರದಿರಲೆಂದು ಅವನು ಮೇಲೆ ಹನ್ನೊಂದು ಕಲ್ಲು ಹೇರಿದ್ದ. ನಮ್ಮ ಕಡೆ ಯಾವ ತಗಡಿನ ಮನೆಯ ಮೇಲೆ ಕಲ್ಲಿಲ್ಲ ಹೇಳಿ? ಆದರೆ ಇವನಿಗೆ ತನ್ನ ಕಲ್ಲುಗಳ ಬಗ್ಗೆ ಬಲು ಹೆಮ್ಮೆ. ಒಂದೊಂದನ್ನೂ ಹಳ್ಳದಿಂದ ಆರಿಸಿ, ಹೆಗಲ ಮೇಲೆ ಹೊತ್ತು ತಂದವನು. ಹೋದ ವರ್ಷ ವೆಲ್ಡಿಂಗ್ ಕೆಲಸದ ಅಳಿಯ ತಿಪ್ಪೇರುದ್ರ, "ಮಾವ, ಕಲ್ಲು ತೆಗೆದು ಬೋಲ್ಟ್ ಹಾಕ್ಲಾ?" ಎಂದು ಕೇಳಿದ್ದಕ್ಕೆ, "ನಿಮ್ಮ ಬೋಲ್ಟು ನಿಮ್ಮ ಮನೆಗೆ ಹಾಕ್ಕೊಳ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದ.

ಈ ಮೇ ತಿಂಗಳಲ್ಲಿ ಮಗಳು ಜ್ಯೋತಿಲಕ್ಷ್ಮಿ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು, ಇಪ್ಪತ್ತೊಂದು ದಿನದ್ದು. ಕುರಿ ಬಿಟ್ಟರೆ ಬೇರೆ ಮಾತೇ ಇಲ್ಲದ ಬೀರಲಿಂಗಪ್ಪ ಈಗ ದಿನಕ್ಕೆ ಹತ್ತು ಸಲ ತೊಟ್ಟಿಲು ಇಣುಕುತ್ತಿದ್ದ. ಹೆಂಡತಿ ಅಂಜಮ್ಮ ಕಂಡೂ ಕಾಣದಂತೆ ನಗುತ್ತಿದ್ದಳು.

ಆವತ್ತು ಬೆಳಿಗ್ಗೆ ಆಶಾ ಕಾರ್ಯಕರ್ತೆ ಹೇಮಾವತಿ ಕೂಸಿನ ತೂಕ ನೋಡಲು ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು:

"ಬೀರಲಿಂಗಣ್ಣ, ಸಮುದ್ರದಾಗೆ ಚಂಡಮಾರುತ ಎದ್ದೈತಂತೆ. ನಾಳೆ ಸಂಜೆ ನಮ್ಮ ಕಡೆನೂ ಜೋರು ಗಾಳಿ, ಗುಡುಗು, ಮಳೆ ಅಂತ ಮೊಬೈಲಿಗೆ ಮೆಸೇಜ್ ಬಂದೈತೆ."

ಬೀರಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ. "ಎಲ್ಲಿ ಸಮುದ್ರ, ಎಲ್ಲಿ ಜಗಳೂರು! ಇಲ್ಲಿಗೆ ಬರಾಕೆ ಆ ಗಾಳಿ ಎಷ್ಟು ಬಸ್ ಬದಲಾಯಿಸ್ಬೇಕು ಹೇಮಕ್ಕ?"

"ಚಂಡಮಾರುತ ಇಲ್ಲಿಗೇ ಬರಬೇಕಂತಿಲ್ರಿ. ಅದು ದೂರದಾಗೆ ಇದ್ರೂ ಇಲ್ಲಿ ಗಾಳಿ ಏಳ್ತೈತೆ."

ಹೇಮಾವತಿ ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ಮಲಗಿಸಿ ಮೇಲೆತ್ತಿದಳು. ಮೂರು ಕೆಜಿ ಇನ್ನೂರು ಗ್ರಾಂ. ಅದನ್ನು ತಾಯಿ ಕಾರ್ಡಿನಲ್ಲಿ ಬರೆದಳು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅವಳ ಕಣ್ಣು ಮೇಲೆ ಹೋಯಿತು. ತೊಟ್ಟಿಲ ನೇರಕ್ಕೆ ತಗಡು ಭಾರಕ್ಕೆ ತಗ್ಗಿತ್ತು.

"ಅಣ್ಣ, ಇದರ ಮೇಲೆ ಏನೈತೆ?"

"ಕಲ್ಲು. ಅವು ಇರೋದ್ರಿಂದ್ಲೇ ತಗಡು ನಿಂತೈತೆ."

"ಗಾಳಿ ಕೆಳಗಿಂದ ನುಗ್ಗಿ ತಗಡನ್ನೇ ಎತ್ತಿದ್ರೆ ಆ ಕಲ್ಲು ಎಲ್ಲಿಗೆ ಬೀಳ್ತಾವ್ರಿ?"

"ಅವೇನು ಬಂಡೆನಾ? ಒಂದು ಕೈಯಾಗೆ ಎತ್ತೋ ಕಲ್ಲು. ತಡೀರಿ, ತೋರಿಸ್ತೀನಿ." ಬೀರಲಿಂಗಪ್ಪ ಏಣಿ ಹತ್ತಿದ. ವಾದದಲ್ಲಿ ಸೋಲಬಾರದಲ್ಲ, ಹನ್ನೊಂದರಲ್ಲಿ ತೀರಾ ಸಣ್ಣದನ್ನೇ ಹುಡುಕಿ ತಂದ.

ಹೇಮಾವತಿ ಆ ಕಲ್ಲನ್ನು ಕೂಸು ಮಲಗಿದ್ದ ಅದೇ ಜೋಳಿಗೆಯಲ್ಲಿಟ್ಟು ತಕ್ಕಡಿ ಎತ್ತಿದಳು. ಮುಳ್ಳು ಮೂರು ದಾಟಿತು, ನಾಲ್ಕು ದಾಟಿತು, ಐದಕ್ಕೆ ಹೋಗಿ ಟಕ್ ಎಂದು ಬಡಿಯಿತು. ಅದಕ್ಕಿಂತ ಮುಂದೆ ಆ ತಕ್ಕಡಿಯಲ್ಲಿ ಅಂಕಿಯೇ ಇರಲಿಲ್ಲ.

ಜ್ಯೋತಿಲಕ್ಷ್ಮಿ ಎದ್ದು ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ಬೀರಲಿಂಗಪ್ಪ ತಲೆ ಎತ್ತಿ ತಗಡು ನೋಡಿದ. ಕುರಿಯ ತೂಕವನ್ನು ಕಣ್ಣಲ್ಲೇ ಹೇಳುವ ಮನುಷ್ಯ ಅವನು. ತಲೆಯ ಮೇಲಿನ ಕಲ್ಲಿನ ತೂಕ ಅವನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಭಯವಾಯಿತು, ನಾಚಿಕೆಯೂ ಆಯಿತು.

"ಅಳಿಯಂದ್ರಿಗೆ ಫೋನ್ ಹಚ್ಚೇ," ಎಂದ ಹೆಂಡತಿಗೆ.

"ನೀವೇ ಹಚ್ರಿ. ಬೈದು ಕಳಿಸಿದೋರು ನೀವು," ಎಂದಳು ಅಂಜಮ್ಮ.

ಮಧ್ಯಾಹ್ನದ ಬಸ್ಸಿಗೆ ತಿಪ್ಪೇರುದ್ರ ಡ್ರಿಲ್ಲು, ಕೊಕ್ಕೆ ಬೋಲ್ಟು, ರಬ್ಬರ್ ವಾಷರ್ ಹಿಡಿದು ಬಂದ. ಹಳೆಯ ಮಾತು ತೆಗೆಯಲಿಲ್ಲ, ಒಳ್ಳೆಯ ಹುಡುಗ. ಮಾವ ಅಳಿಯ ಸೇರಿ ಕಲ್ಲುಗಳನ್ನೆಲ್ಲ ಇಳಿಸಿದರು. ತಗಡನ್ನು ಕೆಳಗಿನ ಪೈಪಿಗೆ ಬಿಗಿದರು. ತೊಟ್ಟಿಲಿನ ಮೂಲೆಗೆ ಬಂದಾಗ ತಿಪ್ಪೇರುದ್ರ ತಲೆ ಅಲ್ಲಾಡಿಸಿದ.

"ಇಲ್ಲಿ ತುಕ್ಕು ತಿಂದೈತೆ ಮಾವ. ತಂತಿ ಬಿಗೀತೀನಿ, ಆದ್ರೂ ನಂಬಾಕೆ ಆಗಲ್ಲ. ನಾಳೆ ಯಾರೂ ಒಳಗೆ ಇರೋದು ಬ್ಯಾಡ."

"ಅಂಗನವಾಡಿಗೆ ಬರ್ರಿ, ಅದು ಆರ್‌ಸಿಸಿ ಐತೆ. ಕೀಲಿ ತೆಗೆಸಿಡ್ತೀನಿ," ಎಂದಳು ಮತ್ತೆ ಬಂದಿದ್ದ ಹೇಮಾವತಿ. ಅಂಜಮ್ಮನ ಕಡೆ ತಿರುಗಿ, "ಕುಡಿಯೋ ನೀರು ಎರಡು ಕೊಡ ಕಾಯಿಸಿ ಆರಿಸಿಡ್ರಿ. ಕರೆಂಟ್ ಇರುವಾಗ್ಲೇ ಮೊಬೈಲು ಚಾರ್ಜ್ ಮಾಡ್ಕೊಳ್ರಿ. ಬ್ಯಾಟರಿಗೆ ಸೆಲ್ ಐತಾ ನೋಡ್ರಿ" ಎಂದಳು.

"ಊಟಕ್ಕೆ ಹೆಂಗಕ್ಕ?"

"ನಿಮ್ಮ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಐತಲ್ಲ, ಅದಕ್ಕಿಂತ ಇನ್ನೇನು ಬೇಕು? ತಾಯಿ ಕಾರ್ಡು, ಆಧಾರು, ರೇಷನ್ ಕಾರ್ಡು ಪ್ಲಾಸ್ಟಿಕ್ ಕವರಿನಾಗೆ ಸುತ್ತಿಡ್ರಿ. ಜ್ಯೋತಿ ಮಾತ್ರೆ, ಕೂಸಿನ ಬಟ್ಟೆ ಅದೇ ಚೀಲಕ್ಕೆ. ಹೊರಡೋವಾಗ ಮೇನ್ ಸ್ವಿಚ್ ಆಫ್ ಮಾಡಾದು ಮರೀಬ್ಯಾಡ್ರಿ."

"ಕುರಿ ಹುಣಸೆಮರದ ಕೆಳಗೆ ಕಟ್ತೀನಿ," ಎಂದ ಬೀರಲಿಂಗಪ್ಪ.

"ಮರದ ಕೆಳಗೆ ಬ್ಯಾಡವೇ ಬ್ಯಾಡ! ಮರಕ್ಕೇ ಸಿಡಿಲು ಹೊಡಿಯಾದು. ಮರದಿಂದ ದೂರ ಇರೋ ಗೋಡೆ ಕಟ್ಟಿದ ದೊಡ್ಡಿಗೆ ಹೊಡೀರಿ."

"ಆಯ್ತು ಹೇಮಕ್ಕ, ದೊಡ್ಡಿಗೇ ಹೊಡೀತೀನಿ," ಎಂದ ಅವನು.

ಮರುದಿನ ಐದು ಗಂಟೆಗೆ ಆಕಾಶ ಕಪ್ಪಿಟ್ಟಿತು. ಆಮೇಲೆ ಬಂದ ಗಾಳಿಗೆ ಅಂಗನವಾಡಿಯ ಕಿಟಕಿಗಳು ಗಡಗಡ ನಡುಗಿದವು. ಎಲ್ಲೋ ತಗಡು ಕಿತ್ತು ಹೋದ ಸದ್ದು. ಬೀರಲಿಂಗಪ್ಪ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದ. ಕೂಸು ಮಾತ್ರ ಹಾಯಾಗಿ ನಿದ್ದೆ ಮಾಡುತ್ತಿತ್ತು.

ಮಳೆ ನಿಂತ ಮೇಲೆ ಅವನೊಬ್ಬನೇ ಮನೆಗೆ ಹೋದ. ದಾರಿಯಲ್ಲಿ ಕರೆಂಟ್ ತಂತಿ ಹರಿದು ಬಿದ್ದಿತ್ತು. ಮುಟ್ಟದೆ, ಬಳಸಿಕೊಂಡು ನಡೆದು, ಲೈನ್‌ಮನ್‌ಗೆ ಫೋನ್ ಮಾಡಿದ. ಮನೆಯ ಬೋಲ್ಟ್ ಹಾಕಿದ ತಗಡುಗಳು ಜಪ್ಪಯ್ಯ ಅಂದಿರಲಿಲ್ಲ. ತುಕ್ಕು ಹಿಡಿದ ಮೂಲೆ ಮಾತ್ರ ತಂತಿ ಸಮೇತ ಕಿತ್ತು ಮೇಲೆದ್ದಿತ್ತು. ತೊಟ್ಟಿಲು ಆಡುವ ಜಾಗದಲ್ಲಿ ಕಲ್ಲು ಬಿದ್ದಿರಲಿಲ್ಲ, ಬರೀ ನೀರು ನಿಂತಿತ್ತು. ಬೀರಲಿಂಗಪ್ಪ ಆ ನೀರನ್ನು ನೋಡುತ್ತ ಗಳಗಳ ಅತ್ತುಬಿಟ್ಟ.

ಮಾರನೆಯ ದಿನ ಅವನು ಕುರಿ ಮೇಯಿಸಲು ಅಂಜಮ್ಮನನ್ನು ಕಳಿಸಿ, ತಾನು ಅಳಿಯನ ಜೊತೆ ಏಣಿ ಹೊತ್ತು ಕೇರಿ ಕೇರಿ ತಿರುಗಿದ. "ಕಲ್ಲು ಇಳಿಸಿ ಬೋಲ್ಟ್ ಹಾಕಾಕೆ ಬಂದೀನಿ. ಬ್ಯಾಡ ಅನ್ನಬ್ಯಾಡ್ರಿ," ಎನ್ನುತ್ತಿದ್ದ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಊರಿಗೆ ಬೀರಲಿಂಗಪ್ಪ ಬರಲಾರ. ನೀವೇ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಮಕ್ಕಳು ಮಲಗುವ ಜಾಗದ ಮೇಲೆ ಕಲ್ಲಿದೆಯೇ? ಗಾಳಿಯ ಸುದ್ದಿ ಬರುವವರೆಗೆ ಕಾಯಬೇಡಿ. ಇವತ್ತು ಬೆಳಕಿರುವಾಗಲೇ ಇಳಿಸಿ, ತಗಡನ್ನು ಬೋಲ್ಟ್ ಹಾಕಿ ಬಿಗಿಸಿ.